ಕಾವೇರಿಯ ಡುಬ್ಬದ ಮೀನು

ನದಿಗೆ ಹೊಕ್ಕು ಕೇಡು ಮಾಡುವ ಜೀವಿ ಕಡಲಾಚೆಯಿಂದಲೇ ಬರಬೇಕೆಂದಿಲ್ಲ. ನೆರೆಯ ನದಿಯ ದಾಯಾದಿಯೂ ಸಾಕು. ಡುಬ್ಬದ ಬೆನ್ನಿನ ಮಹಶೀರ್ ಮೀನನ್ನೇ ನೋಡಿರಿ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಇದಕ್ಕೆ ಬೇರೆ ನೆಲೆಯಿಲ್ಲ. ಕಿತ್ತಳೆ ಬಣ್ಣದ ಈಜುರೆಕ್ಕೆಯ ಈ ಮೀನು 50 ಕಿಲೋಗ್ರಾಮಿಗೂ ಮೀರಿ ತೂಗಬಲ್ಲುದು. ಬಂಡೆಗಳ ನಡುವಣ ರಭಸದ ನೀರೇ ಇದರ ಮನೆ. ನೀರಿನ ವೇಗ ಇಮ್ಮಡಿಯಾದರೆ ಎದುರೀಜುವ ಮೀನಿಗೆ ಒದಗುವ ತಡೆ ಸುಮಾರು ನಾಲ್ಮಡಿಯಾಗುವುದೆಂದು ನೆನೆದರೆ ಇದರ ಕಸುವು ವಾಚಕರಿಗೆ ತಿಳಿದೀತು.

ಅಣೆಕಟ್ಟು, ಸಿಡಿಮದ್ದಿನ ಬೇಟೆಗಳಿಂದ ಮಹಶೀರ್ ಕುಲ ಕ್ಷೀಣಿಸುತ್ತಿದ್ದಾಗ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಆದರೆ ಅವು ಬೇರೊಂದು ಜಾತಿ, ಕೃಷ್ಣೆಯ ಕಡೆಯ ನೀಲಿರೆಕ್ಕೆಯ ಮಹಶೀರ್! ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ ನೀಲಿರೆಕ್ಕೆಯದು ಹೆಚ್ಚುತ್ತ ಹೋದರೆ ಡುಬ್ಬದ ಮೀನು ಅಪರೂಪವಾಗುತ್ತ ಹೋಯಿತು.

ವಿಚಿತ್ರವೆಂದರೆ, ಇದರ ಶಾಸ್ತ್ರೀಯ ನಾಮ ‘ಟೋರ್ ರೆಮಾದೇವಿ’ ಎಂದು ಖಚಿತವಾದುದು 2018ರಲ್ಲಿ. ಅದೇ ವರ್ಷ ಇದು ತೀವ್ರ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿತು. ಹೆಸರಿಲ್ಲದುದಕ್ಕೆ ಪಟ್ಟಿಯಲ್ಲಿ ಸ್ಥಳವೆಲ್ಲಿ?

ನದಿಗೆ ಬಿಟ್ಟ ಮೀನನ್ನು ಆರಿಸಿ ಹೊರತೆಗೆಯುವುದು ಆಗದ ಮಾತು. ಹೊಸ ಮರಿಗಳನ್ನು ಬಿಡದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ಮೋಯಾರ್ ಉಪನದಿಯಲ್ಲಿ ಉಳಿದಿರುವ ಡುಬ್ಬದ ಮೀನುಗಳಿಗೆ ಅದು ಮೊದಲ ರಕ್ಷಣೆ.