ಕೆರೆ, ಹೊಳೆ, ಹಸಿರು: ಪಶ್ಚಿಮ ಬೆಂಗಳೂರಿನ ಒಂದು ಸೈಕಲ್ ಸುತ್ತು

ಅನ್ನಪೂರ್ಣೇಶ್ವರಿ ನಗರದಿಂದ ಹೊರಟು ಉಲ್ಲಾಳ ಕೆರೆ, ಕೆಂಗೇರಿ ಉಪನಗರ, ವೃಷಭಾವತಿ ಹೊಳೆಯ ದಂಡೆ, ಜ್ಞಾನಭಾರತಿ ಆವರಣ, ಮಲ್ಲತ್ತಹಳ್ಳಿ ಕೆರೆ ಇಷ್ಟನ್ನೂ ಮುಟ್ಟಿಕೊಂಡು ಹೊರಟಲ್ಲಿಗೇ ಮರಳುವ ಸೈಕಲ್ ಸುತ್ತು ಹೆಚ್ಚುಕಡಿಮೆ 20 ಕಿ.ಮೀ. ಆಗುತ್ತದೆ. ಇದಕ್ಕೆ ಸರ್ಕಾರ ಇಟ್ಟ ಹೆಸರಿಲ್ಲ, ದಾರಿ ತೋರುವ ಫಲಕಗಳಿಲ್ಲ, ಬಣ್ಣ ಬಳಿದ ಪಥವೂ ಇಲ್ಲ. ಇರುವುದು ನೀರು, ಮರ ಮತ್ತು ಅವುಗಳ ನಡುವಿನ ರಸ್ತೆಗಳು. ಗೇರ್ ಇಲ್ಲದ ಸಾಮಾನ್ಯ ಸೈಕಲ್‌ನಲ್ಲೂ ಒಂದೂವರೆ ಎರಡು ಗಂಟೆಯಲ್ಲಿ ಇದನ್ನು ಮುಗಿಸಬಹುದು.

ನಗರವನ್ನು ಹಸಿರಿನ ಮೂಲಕವೇ ಸುತ್ತಿಬರುವ ಸೈಕಲ್ ದಾರಿ ಬೇರೆ ದೇಶಗಳಲ್ಲಿ ಹೊಸದಲ್ಲ. ಇಂಗ್ಲೆಂಡಿನ ಪ್ರೆಸ್ಟನ್ ಊರು 2012ರಲ್ಲಿ, ಇಪ್ಪತ್ತು ವರ್ಷಕ್ಕೊಮ್ಮೆ ಬರುವ ತನ್ನ 'ಗಿಲ್ಡ್' ಉತ್ಸವದ ನೆನಪಿಗೆ, ಊರ ಸುತ್ತ 34 ಕಿ.ಮೀ. ಉದ್ದದ 'ಗಿಲ್ಡ್ ವೀಲ್' ಎಂಬ ದಾರಿ ಮಾಡಿತು. ಅದು ರಿಬಲ್ ನದಿಯ ದಂಡೆ, ಉದ್ಯಾನ, ತೋಪುಗಳನ್ನು ಹಾದುಹೋಗುತ್ತದೆ. ಬರ್ಲಿನ್‌ನಲ್ಲಿ ಹಳೆಯ ಗೋಡೆ ನಿಂತಿದ್ದ ಗುರುತಿನಲ್ಲೇ ಸುಮಾರು 160 ಕಿ.ಮೀ. ಸುತ್ತು ಇದೆ. ಈ ಎರಡೂ ಊರುಗಳು ಮಾಡಿದ್ದು ಇದ್ದ ತುಣುಕುಗಳನ್ನು ಜೋಡಿಸುವ ಕೆಲಸ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೂ ತುಣುಕುಗಳೆಲ್ಲ ಇವೆ, ಜೋಡಣೆ ಮಾತ್ರ ಬಾಕಿ.

ಈ ಸುತ್ತು ಅರ್ಥವಾಗಬೇಕಾದರೆ ನೆಲದ ಇಳಿಜಾರು ಗೊತ್ತಿರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಬೆಂಗಳೂರು ಕೂತಿದೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ರಾಜಾಜಿನಗರ, ವಿಜಯನಗರ, ನಾಗರಭಾವಿ, ಕೆಂಗೇರಿ ಇವೆಲ್ಲ ವೃಷಭಾವತಿ ಕಣಿವೆಯ ಮಡಿಲಲ್ಲಿವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ಹೊಳೆ ಹುಟ್ಟುತ್ತದೆ ಎಂಬುದು ಜನರ ನಂಬಿಕೆ. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿ ತೀರ್ಥವನ್ನೂ ಅದರ ಮೂಲಗಳಲ್ಲಿ ಒಂದೆಂದು ಹೇಳುತ್ತಾರೆ. ನಾಯಂಡಹಳ್ಳಿಯಿಂದ ಮುಂದೆ ಅದು ಮೈಸೂರು ರಸ್ತೆಯ ಜೊತೆಜೊತೆಗೇ ಕೆಂಗೇರಿಯತ್ತ ಸಾಗಿ, ಬೈರಮಂಗಲ ಜಲಾಶಯ ದಾಟಿ ಅರ್ಕಾವತಿಯನ್ನು ಸೇರುತ್ತದೆ. ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿಯ ಕೆರೆಗಳು ಇದೇ ಕಣಿವೆಯವು. ಒಂದರ ಕೋಡಿ ನೀರು ರಾಜಕಾಲುವೆ ಹಿಡಿದು ಇನ್ನೊಂದಕ್ಕೆ, ಕೊನೆಗೆ ಹೊಳೆಗೆ ಇಳಿಯುವಂತೆ ಹಿಂದಿನವರು ಕಟ್ಟಿದ ಸರಪಳಿ ಅದು. ಸೈಕಲ್ ಸುತ್ತು ಬಹುಪಾಲು ಈ ನೀರಿನ ಜಾಡಿನಲ್ಲೇ ಸಾಗುತ್ತದೆ.

ಯಾವ ದಿಕ್ಕಿನಲ್ಲಿ ಸುತ್ತಬೇಕೆಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ. ನಮ್ಮ ವಾಹನಗಳು ಎಡಬದಿಯಲ್ಲಿ ಹೋಗುತ್ತವೆ. ಅಪ್ರದಕ್ಷಿಣವಾಗಿ, ಅಂದರೆ ಮೊದಲು ಉಲ್ಲಾಳ, ಆಮೇಲೆ ಕೆಂಗೇರಿ, ಕೊನೆಗೆ ಜ್ಞಾನಭಾರತಿ ಎಂದು ಹೋದರೆ ದೊಡ್ಡ ತಿರುವುಗಳೆಲ್ಲ ಎಡಕ್ಕೇ ಬೀಳುತ್ತವೆ. ಕೆಂಗೇರಿ ಉಪನಗರವೂ ಜ್ಞಾನಭಾರತಿಯೂ ಮೈಸೂರು ರಸ್ತೆಯ ಉತ್ತರಕ್ಕಿರುವುದರಿಂದ ಆ ಹೆದ್ದಾರಿಯನ್ನು ಒಮ್ಮೆಯೂ ಅಡ್ಡ ದಾಟಬೇಕಿಲ್ಲ. ಹೊರವರ್ತುಲ ರಸ್ತೆಯೂ ಈ ಸುತ್ತಿನ ಆಚೆಗೇ ಉಳಿಯುತ್ತದೆ. ಪ್ರದಕ್ಷಿಣವಾಗಿ ಹೊರಟವರು ಮೈಸೂರು ರಸ್ತೆಯನ್ನು ಎರಡು ಸಲ ದಾಟಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೊಂದೇ ಕಾರಣ ಸಾಕು.

ಅನ್ನಪೂರ್ಣೇಶ್ವರಿ ನಗರದಿಂದ ಮುದ್ದಿನಪಾಳ್ಯದ ಕಡೆಗೆ ಇಳಿದು ಉಲ್ಲಾಳ ಮುಖ್ಯರಸ್ತೆ ಹಿಡಿದರೆ ಒಂದು ಬದಿಗೆ ಬಿಡಿಎ ಮಾಡಿದ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಹರಡಿಕೊಂಡಿದೆ. ಮುಖ್ಯರಸ್ತೆಯಲ್ಲಿ ಬಸ್ಸು, ನೀರಿನ ಟ್ಯಾಂಕರ್‌ಗಳ ಓಡಾಟ ಜಾಸ್ತಿ. ಬಡಾವಣೆಯ ಒಳರಸ್ತೆಗಳು ಅಗಲವಾಗಿವೆ, ಬೆಳಗಿನ ಹೊತ್ತು ಖಾಲಿ ಇರುತ್ತವೆ. ಹಂಪ್‌ಗಳ ಮೇಲೆ ಮಾತ್ರ ಕಣ್ಣಿರಬೇಕು. ಉಲ್ಲಾಳ ಕೆರೆಯ ಏರಿಯ ಬಳಿ ಮೊದಲ ನಿಲುಗಡೆ. ಬೆಳ್ಳಕ್ಕಿ, ನೀರುಕಾಗೆ, ಗುಳುಮುಳುಕ, ನೇರಳೆ ಜಂಬುಕೋಳಿಗಳು ಈ ಭಾಗದ ಕೆರೆಗಳಲ್ಲಿ ಕಾಣುವ ಹಕ್ಕಿಗಳು. ಬೆಂಗಳೂರಿನ ಹಲವು ಕೆರೆ ಮತ್ತು ಉದ್ಯಾನಗಳ ನಡಿಗೆ ಪಥದಲ್ಲಿ ಸೈಕಲ್‌ಗೆ ಅವಕಾಶವಿಲ್ಲ. ಗೇಟಿನ ಹತ್ತಿರ ಬೀಗ ಹಾಕಿ ನಿಲ್ಲಿಸಿ ಒಂದು ಸುತ್ತು ನಡೆದು ಬರುವುದು ಒಳ್ಳೆಯದು. ನಡೆಯಲು ಬರುವ ಹಿರಿಯರಿಗೆ ಅಷ್ಟು ಜಾಗವಾದರೂ ನೆಮ್ಮದಿಯದಾಗಿರಬೇಕು.

ಉಲ್ಲಾಳದಿಂದ ನಾಗದೇವನಹಳ್ಳಿ ಮೂಲಕ ಕೆಂಗೇರಿ ಉಪನಗರಕ್ಕೆ ದಾರಿ ಒಟ್ಟಾರೆ ಇಳಿಜಾರು. ಕಣಿವೆಯ ತಳ ಹತ್ತಿರವಾದದ್ದು ಪೆಡಲ್ ಹಗುರವಾದಾಗಲೇ ಕಾಲಿಗೆ ತಿಳಿಯುತ್ತದೆ. ಉಪನಗರದಲ್ಲಿ ಕಾಫಿ, ಇಡ್ಲಿಗೆ ಹೋಟೆಲುಗಳಿವೆ, ಪಂಕ್ಚರ್ ಅಂಗಡಿಗಳೂ ಇವೆ.

ಮುಂದಿನ ಸುಮಾರು 3 ಕಿ.ಮೀ. ಮೈಸೂರು ರಸ್ತೆ. ಸುತ್ತಿನ ಅತಿ ಕಷ್ಟದ, ಅತಿ ನೋವಿನ ಭಾಗ ಇದೇ. ಮೇಲೆ ಮೆಟ್ರೊ ನೇರಳೆ ಮಾರ್ಗ. ನಾಯಂಡಹಳ್ಳಿಯಿಂದ ಕೆಂಗೇರಿವರೆಗಿನ ಈ ಭಾಗ 2021ರ ಆಗಸ್ಟ್‌ನಲ್ಲಿ ಶುರುವಾಯಿತು. ಕೆಳಗೆ ಲಾರಿ, ಬಸ್ಸು. ಪಕ್ಕದಲ್ಲಿ ವೃಷಭಾವತಿ. ಸೇತುವೆಯ ಮೇಲೆ ನಿಂತು ನೋಡಿದರೆ ಕಪ್ಪು ನೀರು, ಬಿಳಿ ನೊರೆ, ದಂಡೆಯ ಮುಳ್ಳುಗಿಡಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್. ಮೂಗು ಮುಚ್ಚಿಕೊಳ್ಳದೆ ನಿಲ್ಲುವುದು ಕಷ್ಟ. ಮನೆಗಳ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ದಶಕಗಳಿಂದ ಈ ಹೊಳೆಗೆ ಸೇರುತ್ತಿವೆ. ನಾಯಂಡಹಳ್ಳಿ ಬಳಿ ಜಲಮಂಡಳಿಯ ಶುದ್ಧೀಕರಣ ಘಟಕವಿದ್ದರೂ ಹೊಳೆಯ ಪೂರ್ತಿ ಹರಿವು ಅದರೊಳಗೆ ಹಾಯುವುದಿಲ್ಲ. ಹೀಗಿದ್ದೂ ಈ ಭಾಗವನ್ನು ಸುತ್ತಿನಿಂದ ಬಿಡಬಾರದು. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಈ ಹೊಳೆ ಕಾಣುವುದೇ ಇಲ್ಲ. ಸೈಕಲ್ ಮೇಲೆ ಕೂತವರಿಗೆ ಅದು ತನ್ನ ಇಡೀ ಸ್ಥಿತಿಯಲ್ಲಿ ಕಾಣುತ್ತದೆ. ತನ್ನ ಹೊಳೆಯನ್ನು ನೋಡದ ಊರು ಅದನ್ನು ಉಳಿಸಿಕೊಳ್ಳುವುದಿಲ್ಲ.

ಮೈಸೂರು ರಸ್ತೆಯಿಂದ ಎಡಕ್ಕೆ ತಿರುಗಿ ಜ್ಞಾನಭಾರತಿಯೊಳಗೆ ಹೋದ ಕೂಡಲೇ ಗಾಳಿ ಬದಲಾಗುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ ಸೆಂಟ್ರಲ್ ಕಾಲೇಜಿನಿಂದ 1973ರಲ್ಲಿ ಇಲ್ಲಿಗೆ ಬಂತು. ಸುಮಾರು 1,100 ಎಕರೆಯ ಈ ಆವರಣ ಲಾಲ್‌ಬಾಗಿನ ನಾಲ್ಕು ಪಟ್ಟಿಗಿಂತ ದೊಡ್ಡದು. ಆಗ ಬಹುಪಾಲು ಬೋಳಾಗಿದ್ದ ನೆಲದಲ್ಲಿ ಈಗ ಬಿದಿರು ಮೆಳೆ, ಹೊಂಗೆ, ಬೇವು, ನೇರಳೆ, ಔಷಧಿ ಸಸ್ಯಗಳಿಂದ ತುಂಬಿದ ಬಯೋಪಾರ್ಕ್ ಇದೆ. ಅದರ ನಡುವಿನ ತೊರೆಗಳ ನೀರು ವೃಷಭಾವತಿಯತ್ತ ಹರಿಯುತ್ತದೆ. ಮುಂಜಾನೆ ನವಿಲಿನ ಕೂಗು ಇಲ್ಲಿ ಮಾಮೂಲು. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಈ ಆವರಣದಲ್ಲೇ ಇದೆ. ಹೊಳೆಯಿಂದ ಮೇಲಕ್ಕೇರುವ ರಸ್ತೆಯಾದ್ದರಿಂದ ಸೈಕಲ್ ಸವಾರರಿಗೆ ನಿಜವಾದ ಏರು ಸಿಗುವುದು ಇಲ್ಲಿ. ಮರದ ನೆರಳು ಜೊತೆಗಿರುವುದರಿಂದ ದಣಿವು ಅಷ್ಟಾಗಿ ಕಾಡದು.

ಆವರಣದ ರಸ್ತೆಗೂ ಒಂದು ಅಪಾಯವಿದೆ. ಮೈಸೂರು ರಸ್ತೆಗೂ ನಾಗರಭಾವಿಗೂ ನಡುವೆ ಒಳದಾರಿಯಾಗಿ ಸಾವಿರಾರು ವಾಹನಗಳು ಇದರಲ್ಲೇ ನುಗ್ಗುತ್ತವೆ. 2022ರ ಅಕ್ಟೋಬರ್‌ನಲ್ಲಿ ಇಲ್ಲಿ ಬಸ್ಸಿಗೆ ಸಿಕ್ಕಿ ವಿದ್ಯಾರ್ಥಿನಿಯೊಬ್ಬರು ತೀವ್ರವಾಗಿ ಗಾಯಗೊಂಡಾಗ, ಹೊರಗಿನ ವಾಹನಗಳನ್ನು ನಿಲ್ಲಿಸಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಬೇಡಿಕೆ ನ್ಯಾಯವಾದದ್ದು. ಕಲಿಯುವವರ ಅಂಗಳ ಊರಿನ ಬೈಪಾಸ್ ಆಗಬಾರದು. ನಡೆಯುವವರಿಗೂ ಸೈಕಲ್‌ಗೂ ಬಿಟ್ಟುಕೊಟ್ಟರೆ ಪಶ್ಚಿಮ ಬೆಂಗಳೂರಿಗೆ ಇದಕ್ಕಿಂತ ಒಳ್ಳೆಯ ಪಥ ಬೇಕಿಲ್ಲ.

ಆವರಣದ ಉತ್ತರದ ಅಂಚಿನಲ್ಲಿ, ಮಲ್ಲತ್ತಹಳ್ಳಿಗೆ ತಾಗಿ ಕಲಾಗ್ರಾಮವಿದೆ. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪ ಅವರ ಅಂತ್ಯಕ್ರಿಯೆ 2013ರ ಡಿಸೆಂಬರ್‌ನಲ್ಲಿ, ಯು.ಆರ್. ಅನಂತಮೂರ್ತಿ ಅವರದು 2014ರ ಆಗಸ್ಟ್‌ನಲ್ಲಿ ಇಲ್ಲಿಯೇ ನಡೆದವು. ಕನ್ನಡ ಓದುವವರು ಇಲ್ಲಿ ಸೈಕಲ್ ನಿಲ್ಲಿಸದೆ ಮುಂದೆ ಹೋಗಲಾರರು. ಅಲ್ಲಿಂದ ಮಲ್ಲತ್ತಹಳ್ಳಿ ಕೆರೆ ಹತ್ತಿರ. ಸುಮಾರು 70 ಎಕರೆಯ ಈ ಕೆರೆ ಸುತ್ತಲಿನ ಬಡಾವಣೆಗಳಿಗೆಲ್ಲ ದೊಡ್ಡ ಬಯಲು. ಕೆರೆ ದಾಟಿ ಪಾಪರೆಡ್ಡಿಪಾಳ್ಯದ ಮೇಲಾಗಿ ಬಂದರೆ ಅನ್ನಪೂರ್ಣೇಶ್ವರಿ ನಗರ ಸಿಗುತ್ತದೆ, ಸುತ್ತು ಪೂರ್ತಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ಆರರಿಂದ ಎಂಟರೊಳಗೆ ಹೋಗಿಬರುವುದು ಕ್ಷೇಮ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಕೆರೆಯಲ್ಲಿ ನೀರೂ ಇರುತ್ತದೆ, ಬಿಸಿಲೂ ಹದವಾಗಿರುತ್ತದೆ. ಹೆಲ್ಮೆಟ್, ಹಿಂದಿನ ಕೆಂಪು ದೀಪ, ಒಂದು ಟ್ಯೂಬ್, ಸಣ್ಣ ಪಂಪ್, ನೀರು ಜೊತೆಗಿರಬೇಕು. ಮಡಚುವ ಸೈಕಲ್ ಇದ್ದವರು ಅರ್ಧದಲ್ಲಿ ದಣಿದರೆ ಮೆಟ್ರೊ ಹತ್ತಬಹುದು.

ಇದನ್ನು ಅಧಿಕೃತ ಪಥವಾಗಿಸಲು ಹೊಸ ಜಮೀನು ಹುಡುಕಬೇಕಾಗಿಲ್ಲ. ನಗರದ 2015ರ ಪರಿಷ್ಕೃತ ಮಹಾಯೋಜನೆ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್ ಮೀಸಲು ಪ್ರದೇಶ ಗೊತ್ತುಮಾಡಿತ್ತು. ಕಟ್ಟಡ ಕಟ್ಟಬಾರದ ಆ ಅಂಚಿನಲ್ಲೇ ಮಣ್ಣಿನ ಸೈಕಲ್ ದಾರಿಗೆ ಜಾಗವಿದೆ. ಶಾಂತಿನಗರದ ಕಡೆ ಕೆ-100 ರಾಜಕಾಲುವೆಯ ದಂಡೆಯನ್ನು ಜನ ನಡೆಯುವ ಜಾಗವಾಗಿ ಮಾಡಿ ತೋರಿಸಿದ್ದೂ ಬೆಂಗಳೂರೇ. ಪಶ್ಚಿಮದಲ್ಲಿ ಮೊದಲು ಆಗಬೇಕಾದದ್ದು ಕೆಂಗೇರಿ ಉಪನಗರದಿಂದ ಜ್ಞಾನಭಾರತಿ ಗೇಟಿನವರೆಗಿನ ಮೂರು ಕಿಲೋಮೀಟರ್: ಲಾರಿ, ಬಸ್ಸುಗಳಿಂದ ಬೇರ್ಪಡಿಸಿದ ಒಂದು ಸೈಕಲ್ ಪಥ. ನಗರಪಾಲಿಕೆಯೂ ಈ ಬಡಾವಣೆಗಳ ನಿವಾಸಿ ಸಂಘಗಳೂ ಅದನ್ನು ಮೊದಲ ಕೆಲಸವಾಗಿ ಕೈಗೆತ್ತಿಕೊಳ್ಳಬೇಕು.