ಅಮೆರಿಕದ ಕನ್ನಡಿಗರು, ಭಾರತದ ದತ್ತು ಮಗು: ಕೆಲವು ತಪ್ಪು ಕಲ್ಪನೆಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ದಂಪತಿ ಭಾರತದ ಮಗುವನ್ನು ದತ್ತು ಪಡೆಯಲು ಹೊರಟರೆ ಎರಡೂ ದೇಶಗಳ ಕಾನೂನು ಮತ್ತು ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದವನ್ನು ಪಾಲಿಸಬೇಕು. ನೆಂಟರಿಷ್ಟರ ಸಲಹೆಗಳು ಪ್ರೀತಿಯಿಂದಲೇ ಬರುತ್ತವೆ. ಆದರೆ ಅವುಗಳಲ್ಲಿ ಕೆಲವನ್ನು ನಂಬಿದರೆ ತೊಂದರೆಯಾಗುವುದು ಮಗುವಿಗೆ.

ತಪ್ಪು ಕಲ್ಪನೆ: ತಂಗಿಯ ಮಗುವೇ ತಾನೆ? ಊರಿಗೆ ಬಂದು ದತ್ತಕ ಹೋಮ ಮಾಡಿಸಿ, ಪತ್ರ ನೋಂದಾಯಿಸಿ ಕರೆದುಕೊಂಡು ಹೋದರಾಯಿತು.

ವಾಸ್ತವ: ವೀಸಾಕ್ಕೆ ಅಷ್ಟು ಸಾಲದು. ಅಮೆರಿಕದ ಪೌರರು ಮೊದಲು ಐ-800ಎ ಅರ್ಜಿಯಲ್ಲಿ ತಮ್ಮ ಅರ್ಹತೆಗೆ ಮಂಜೂರಾತಿ ಪಡೆಯಬೇಕು. ಮಗು ಗೊತ್ತಾದ ಮೇಲೆ ಆ ಮಗುವಿಗಾಗಿ ಐ-800 ಅರ್ಜಿ, ಬಳಿಕ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ನಿರಾಕ್ಷೇಪಣಾ ಪತ್ರ, ಕೊನೆಗೆ ದತ್ತು ಆದೇಶ. ಐ-800ಕ್ಕೆ ತಾತ್ಕಾಲಿಕ ಒಪ್ಪಿಗೆ ಸಿಗುವ ಮೊದಲೇ ದತ್ತು ಮುಗಿಸಿದರೆ ಆ ಅರ್ಜಿಯೇ ತಿರಸ್ಕೃತವಾಗಬಹುದು. ಮಗು ಇಲ್ಲಿ, ತಂದೆ ತಾಯಿ ಅಲ್ಲಿ ಎಂಬ ಸ್ಥಿತಿ ಬರುತ್ತದೆ.

ತಪ್ಪು ಕಲ್ಪನೆ: ಗ್ರೀನ್ ಕಾರ್ಡ್ ಇದ್ದರೆ ಸಾಕು.

ವಾಸ್ತವ: ಸಾಲದು. ಐ-800ಎ ಸಲ್ಲಿಸುವವರು ಅಮೆರಿಕದ ಪೌರರಾಗಿರಲೇಬೇಕು.

ತಪ್ಪು ಕಲ್ಪನೆ: ಗೃಹ ಅಧ್ಯಯನಕ್ಕೆ (ದತ್ತು ಪಡೆಯುವವರ ಯೋಗ್ಯತೆಯ ಪರಿಶೀಲನೆಗೆ) ಬರುವವರು ಮನೆ ಎಷ್ಟು ದೊಡ್ಡದು, ಸಂಬಳ ಎಷ್ಟು ಎಂದು ನೋಡಿ ಹೋಗುತ್ತಾರೆ.

ವಾಸ್ತವ: ಆದಾಯವನ್ನು ನೋಡುತ್ತಾರೆ, ನಿಜ. ಅದರ ಜೊತೆಗೆ ನಿಮ್ಮ ಬಾಲ್ಯ ಹೇಗಿತ್ತು, ಸಿಟ್ಟು ಬಂದಾಗ ಏನು ಮಾಡುತ್ತೀರಿ ಎಂದೂ ವಿಚಾರಿಸುತ್ತಾರೆ. 18 ತುಂಬಿದ ಮೇಲೆ ನೀವು ವಾಸವಿದ್ದ ರಾಜ್ಯ, ದೇಶಗಳ ದಾಖಲೆ ಕೇಳುತ್ತಾರೆ. ಜೊತೆಯಲ್ಲೇ ನೆಲೆಸಿರುವ ಅಮ್ಮನ ಬೆರಳಚ್ಚೂ ಬೇಕು. ಹಳೆಯ ಬಂಧನದ ಪ್ರಕರಣವಿದ್ದರೆ, ಅದು ದಾಖಲೆಯಿಂದ ಅಳಿಸಿಹೋಗಿದ್ದರೂ ಹೇಳಲೇಬೇಕು. ಹೇಳಿದ ಪ್ರಕರಣಕ್ಕೆ ವಿವರಣೆ ಕೊಡಲು ಅವಕಾಶವಿದೆ. ಮುಚ್ಚಿಟ್ಟಿದ್ದು ಹೊರಬಿದ್ದರೆ ಅದೇ ಅರ್ಜಿ ತಿರಸ್ಕರಿಸಲು ಕಾರಣವಾಗುತ್ತದೆ.

ತಪ್ಪು ಕಲ್ಪನೆ: ಮಗುವೂ ಭಾರತದ್ದು, ನಾವೂ ಭಾರತದವರು. ನಮಗೇಕೆ ತರಬೇತಿ?

ವಾಸ್ತವ: ಹೇಗ್ ದತ್ತುವಿಗೆ ಅಮೆರಿಕದ ನಿಯಮ ಕನಿಷ್ಠ 10 ಗಂಟೆಗಳ ತರಬೇತಿ ಕೇಳುತ್ತದೆ, ಗೃಹ ಅಧ್ಯಯನದ ಸಮಯ ಅದರಲ್ಲಿ ಸೇರದು. ಇಡೀ ಪ್ರಕ್ರಿಯೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಇದೇ. ಮಗು ಒಡಿಶಾದ್ದೋ ಬಿಹಾರದ್ದೋ ಆಗಿರಬಹುದು. ಅದು ಕೇಳಿ ಬೆಳೆದ ಮಾತು ಬೇರೆ, ಉಂಡ ಊಟ ಬೇರೆ. ನಿಮ್ಮ ಮನೆಯ ಕನ್ನಡ ಅದಕ್ಕೆ ಇಂಗ್ಲಿಷಿನಷ್ಟೇ ಹೊಸದು. ಶಿಶುಗೃಹದಲ್ಲಿ ಬೆಳೆದ ಮಗು ಹೊಟ್ಟೆ ತುಂಬ ಉಂಡ ಮೇಲೂ ಚಪಾತಿ ಚೂರನ್ನು ದಿಂಬಿನಡಿ ಬಚ್ಚಿಡಬಹುದು. ಕಳ್ಳತನವೆಂದು ಗದರಿದರೆ ಭಯ ಹೆಚ್ಚುತ್ತದೆ. ಕೈಗೆಟುಕುವಲ್ಲಿ ಬಾಳೆಹಣ್ಣು ಇಟ್ಟು, ಬೇಕೆನಿಸಿದಾಗ ತಿನ್ನು ಎಂದರೆ ಕ್ರಮೇಣ ಬಚ್ಚಿಡುವುದು ಕಡಿಮೆಯಾಗುತ್ತದೆ. ಬಂದ ವಾರವೇ ಯಾರು ಕರೆದರೂ ತೊಡೆಯೇರುವ ಮಗುವನ್ನು ಕಂಡು, ಎಷ್ಟು ಬೇಗ ಹೊಂದಿಕೊಂಡಿತು ಎಂದು ನೆಂಟರು ಮೆಚ್ಚುತ್ತಾರೆ. ತನ್ನವರು ಯಾರೆಂದು ಅದಕ್ಕಿನ್ನೂ ತಿಳಿದಿಲ್ಲ ಎಂಬುದೇ ಅದರ ಅರ್ಥವಿರಬಹುದು. ಹಾಗಿದ್ದಾಗ ಸ್ವಲ್ಪ ಕಾಲ ಉಣಿಸುವುದು, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ಎಲ್ಲವನ್ನೂ ಅಪ್ಪ ಅಮ್ಮನೇ ಮಾಡಬೇಕು. ಅಜ್ಜಿಗೆ ಬೇಸರವಾದೀತು; ಅವರಿಗೂ ಮೊದಲೇ ತಿಳಿಸಿ ಹೇಳಿ. ದಯವಿಟ್ಟು ಆಫೀಸಿನ ಮೀಟಿಂಗ್ ನಡುವೆ ತರಬೇತಿಯ ವಿಡಿಯೊ ಓಡಿಸಿ ಪ್ರಮಾಣಪತ್ರ ಪಡೆಯಬೇಡಿ. ಗಂಡ ಹೆಂಡತಿ ಒಟ್ಟಿಗೆ ಕುಳಿತು ನೋಡಿ, ಮಾತಾಡಿಕೊಳ್ಳಿ.

ತಪ್ಪು ಕಲ್ಪನೆ: ಕಡತ ಸಲ್ಲಿಸಿದ ಮೇಲೆ ಕಾಯುವುದಷ್ಟೇ ಕೆಲಸ.

ವಾಸ್ತವ: ಐ-800ಎ ಮಂಜೂರಾತಿಗೆ 15 ತಿಂಗಳ ಆಯುಷ್ಯ, ಮುಗಿಯುವ ಮೊದಲು ವಿಸ್ತರಣೆ ಕೇಳಬೇಕು. ಮನೆ ಬದಲಿಸಿದರೆ, ಗರ್ಭ ನಿಂತರೆ, ಆದಾಯದಲ್ಲಿ ಗಣನೀಯ ಏರುಪೇರಾದರೆ ಗೃಹ ಅಧ್ಯಯನವನ್ನೂ ಪರಿಷ್ಕರಿಸಬೇಕಾಗುತ್ತದೆ. ಕೆಲಸಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಐಟಿ ಕುಟುಂಬಗಳು ಮುಗ್ಗರಿಸುವುದು ಇಲ್ಲೇ.

ತಪ್ಪು ಕಲ್ಪನೆ: ಭಾರತದ ಕೋರ್ಟುಗಳಿಗೆ ವರ್ಷಗಟ್ಟಲೆ ಅಲೆಯಬೇಕು.

ವಾಸ್ತವ: 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು.

ತಪ್ಪು ಕಲ್ಪನೆ: ಮಗು ಮನೆಗೆ ಬಂತೆಂದರೆ ಕಾಗದಪತ್ರ ಮುಗಿಯಿತು.

ವಾಸ್ತವ: ಇನ್ನೂ ಎರಡು ವರ್ಷ ಮಗುವಿನ ಯೋಗಕ್ಷೇಮದ ವರದಿ ಕಾರಾಗೆ ಹೋಗಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಭಾರತದಲ್ಲೇ ದತ್ತು ಮುಗಿದ ಮಕ್ಕಳಿಗೆ ಸಿಗುವ ಐಎಚ್-3 ವೀಸಾದಲ್ಲಿ ಬಂದು ಪೌರ ತಂದೆ ಅಥವಾ ತಾಯಿಯ ಜೊತೆ ನೆಲೆಸುವ, 18 ತುಂಬದ ಮಗು ಅಮೆರಿಕಕ್ಕೆ ಕಾಲಿಟ್ಟಾಗಲೇ ಅಲ್ಲಿನ ಪೌರನಾಗುತ್ತದೆ. ಪೌರತ್ವ ಪ್ರಮಾಣಪತ್ರ ಕೈಸೇರಿದ ದಿನವೇ ಹೆಸರು, ಜನ್ಮದಿನಾಂಕ ಸರಿಯಾಗಿವೆಯೇ ಎಂದು ನೋಡಿ, ತಪ್ಪಿದ್ದರೆ ಕೂಡಲೇ ತಿದ್ದಿಸಿ.