ರೇಷ್ಮೆಗೂಡಿನ ಅಂಟು ಮತ್ತು ಅವಕೆಂಪು ಕಿರಣ ಪರೀಕ್ಷೆ: ಸಾರ್ವಜನಿಕ ಮಾಹಿತಿ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಯಳಂದೂರು ಹಾಗೂ ಕೊಳ್ಳೇಗಾಲದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಹನೂರಿನ ರೇಷ್ಮೆ ಬೆಳೆಗಾರರು ಮತ್ತು ರೀಲಿಂಗ್ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅಂಟು ಎಂದರೇನು?

ಹಿಪ್ಪುನೇರಳೆ ರೇಷ್ಮೆಯ ಎಳೆಯಲ್ಲಿ ಫೈಬ್ರೋಯಿನ್ ಎಂಬ ಪ್ರೋಟೀನಿನ ಎರಡು ತಂತುಗಳಿದ್ದು, ಅವುಗಳ ಮೇಲೆ ಸೆರಿಸಿನ್ ಎಂಬ ಅಂಟಿನ ಲೇಪವಿರುತ್ತದೆ. ಈ ಲೇಪವು ಎಳೆಯ ತೂಕದಲ್ಲಿ ಸುಮಾರು ಶೇ. 20ರಿಂದ 30ರಷ್ಟಿರುತ್ತದೆ. ಇದು ನೀರು ಹಾಗೂ ಶಾಖಕ್ಕೆ ಸ್ಪಂದಿಸುವ ನೈಸರ್ಗಿಕ ಪಾಲಿಮರ್. ಗೂಡನ್ನು ಬೇಯಿಸಿದಾಗ ಮೆದುವಾಗಿ ಎಳೆಯನ್ನು ಬಿಟ್ಟುಕೊಡುತ್ತದೆ. ಒಣಗಿದಾಗ ಪುನಃ ಗಟ್ಟಿಯಾಗುತ್ತದೆ.

ನಷ್ಟ ಹೇಗೆ ಉಂಟಾಗುತ್ತದೆ?

ಚಿಟ್ಟೆ ಹೊರಬಂದು ಎಳೆ ತುಂಡಾಗದಂತೆ ಗೂಡಿನೊಳಗಿನ ಕೋಶವನ್ನು ಶಾಖದಿಂದ ಸಾಯಿಸಿ, ಗೂಡನ್ನು ಒಣಗಿಸಲಾಗುತ್ತದೆ. ಶಾಖವು ಮಿತಿಮೀರಿದಲ್ಲಿ ಅಥವಾ ಗೂಡುಗಳು ತೇವಗೊಂಡು ಪುನಃ ಒಣಗಿದಲ್ಲಿ, ಸೆರಿಸಿನ್‌ನ ಸಡಿಲವಾದ ಸರಪಳಿಗಳು ಹಾಳೆಗಳಂತೆ ಒತ್ತಾಗಿ ಜೋಡಣೆಗೊಂಡು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಪರಿಣಾಮವಾಗಿ ಎಳೆ ಪದೇ ಪದೇ ತುಂಡಾಗಿ ಜುಂಗಿನ ಪ್ರಮಾಣ ಹೆಚ್ಚುತ್ತದೆ. ಇಂತಹ ಗೂಡು ನೋಟದಲ್ಲಾಗಲಿ, ತೂಕದಲ್ಲಾಗಲಿ ವ್ಯತ್ಯಾಸ ತೋರದಿರಬಹುದು. ನಷ್ಟವು ರೀಲಿಂಗ್ ಸಮಯದಲ್ಲಿ ಮಾತ್ರ ತಿಳಿಯುತ್ತದೆ.

ಪರೀಕ್ಷೆಯ ವಿಧಾನ

ಅವಕೆಂಪು ಕಿರಣವನ್ನು ಮಾದರಿಯ ಮೇಲೆ ಹಾಯಿಸಿದಾಗ ಪ್ರೋಟೀನಿನ ಬಂಧಗಳು ನಿರ್ದಿಷ್ಟ ಕಿರಣಗಳನ್ನು ಹೀರಿಕೊಳ್ಳುತ್ತವೆ. ಸಡಿಲ ಸ್ಥಿತಿಯ ಸೆರಿಸಿನ್ ಪ್ರತಿ ಸೆಂಟಿಮೀಟರಿಗೆ ಸುಮಾರು 1650 ತರಂಗಗಳಿರುವಲ್ಲಿ ಹೀರಿಕೆ ತೋರಿಸುತ್ತದೆ. ಹಾಳೆಯಂತೆ ಜೋಡಣೆಗೊಂಡಲ್ಲಿ ಅದು ಸುಮಾರು 1620ರ ಕಡೆಗೆ ಸರಿಯುತ್ತದೆ. ನೀರು ಸಹ ಸುಮಾರು 1640ರಲ್ಲಿ ಕಿರಣವನ್ನು ಹೀರುವುದರಿಂದ ಒದ್ದೆ ಮಾದರಿಯ ಫಲಿತಾಂಶ ತಪ್ಪು ಅರ್ಥ ಕೊಡಬಹುದು. ಮೇಲ್ಮೈ ವಿಧಾನದಲ್ಲಿ ಹೊರಪದರ ಮಾತ್ರ ಪರೀಕ್ಷೆಗೊಳಪಡುವುದರಿಂದ ಹಲವು ಗೂಡುಗಳನ್ನು ಪರೀಕ್ಷಿಸಬೇಕಾಗುತ್ತದೆ.

ಗಮನಿಸಬೇಕಾದ ಅಂಶಗಳು

1. ಇದು ಸಂಶೋಧನಾಲಯದ ಪರೀಕ್ಷೆಯಾಗಿದ್ದು, ಪರವಾನಗಿ ಅರ್ಜಿಯೊಂದಿಗೆ ಇದರ ವರದಿಯನ್ನು ಲಗತ್ತಿಸುವ ಅಗತ್ಯವಿರುವುದಿಲ್ಲ.

2. ಗೂಡುಗಳನ್ನು ಬಿರುಬಿಸಿಲಿನಲ್ಲಿ ಒಣಗಿಸಬಾರದು. ಒಣಗಿಸುವ ಶಾಖ ಹಾಗೂ ಅವಧಿಯನ್ನು ಪ್ರತಿ ಬಾರಿಯೂ ಬರೆದಿಡತಕ್ಕದ್ದು.

3. ಹಬೆಯಲ್ಲಿ ಸಂಸ್ಕರಿಸಿದ ಗೂಡುಗಳನ್ನು ರಾಶಿ ಹಾಕದೆ ತೆಳುವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಇಡತಕ್ಕದ್ದು.

4. ಹೊಸ ಲಾಟಿನಲ್ಲಿ ಮೊದಲು ಸ್ವಲ್ಪ ಗೂಡುಗಳನ್ನು ಬೇಯಿಸಿ, ಎಳೆ ಸರಾಗವಾಗಿ ಬರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೇಷ್ಮೆ ಇಲಾಖೆಯ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.